ಲಸಿಕೆಗೆ ಹಿಂಜರಿಕೆ ಯಾಕೆ? ಬಿಟ್ಟುಹೋದ ಮಕ್ಕಳನ್ನು ತಲುಪುವುದು ಹೇಗೆ?

2025ರ ನವೆಂಬರ್‌ನಲ್ಲಿ ಕೆನಡಾ ‘ದಡಾರ ನಿರ್ಮೂಲನೆಯಾದ ದೇಶ’ ಅನ್ನುವ ಮಾನ್ಯತೆ ಕಳೆದುಕೊಂಡಿತು. 1998ರಿಂದ ಉಳಿಸಿಕೊಂಡು ಬಂದಿದ್ದ ಮಾನ್ಯತೆ ಅದು. ಒಂದೇ ತಳಿಯ ವೈರಸ್ ವರ್ಷಕ್ಕೂ ಹೆಚ್ಚು ಕಾಲ ಎಡೆಬಿಡದೆ ಹರಡಿತು. ಐದು ಸಾವಿರಕ್ಕೂ ಹೆಚ್ಚು ಮಂದಿಗೆ ದಡಾರ ಬಂತು. ಅಲ್ಲಿ ಆಸ್ಪತ್ರೆಗಳಿಗೆ ಕೊರತೆ ಇಲ್ಲ, ಡಾಕ್ಟರುಗಳಿದ್ದಾರೆ, ಮಕ್ಕಳ ಲಸಿಕೆಗೆ ದುಡ್ಡೂ ಕೊಡಬೇಕಿಲ್ಲ. ಆದರೂ ಹೀಗಾಯಿತು.

ಇಂಥ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಜನಕ್ಕೆ ತಿಳಿವಳಿಕೆ ಇಲ್ಲ, ಅದಕ್ಕೇ ಲಸಿಕೆ ಹಾಕಿಸೋದಿಲ್ಲ.’ ಈ ಮಾತಿನಲ್ಲಿ ನಿಜ ಸ್ವಲ್ಪ ಇದೆ, ತಪ್ಪು ಜಾಸ್ತಿ ಇದೆ. ಲಸಿಕೆ ತಪ್ಪುವುದಕ್ಕೆ ಕಾರಣಗಳು ಬೇರೆ ಬೇರೆ. ಕಾರಣ ಗೊತ್ತಿಲ್ಲದೆ ಸುಮ್ನೆ ಜಾಗೃತಿ ಅಭಿಯಾನ ಮಾಡಿದರೆ ಪೋಸ್ಟರ್ ಉಳಿಯುತ್ತದೆ, ಮಗು ಬರುವುದಿಲ್ಲ. ಹಾಗಾದರೆ ಏನೇನು ಕಾರಣ, ಯಾವುದಕ್ಕೆ ಯಾವ ಮದ್ದು? ಮೊದಲಿನಿಂದ ನೋಡೋಣ.

ಶೇ 95 ಅನ್ನುವ ಲೆಕ್ಕ

ಲಸಿಕೆ ಮಾಡುವ ಕೆಲಸ ಸರಳ. ರೋಗ ತರುವ ವೈರಸ್ ಅಥವಾ ಬ್ಯಾಕ್ಟೀರಿಯಾದ ದುರ್ಬಲಗೊಳಿಸಿದ ರೂಪವನ್ನೋ, ಅದರ ಒಂದು ಚೂರನ್ನೋ ದೇಹಕ್ಕೆ ಮೊದಲೇ ಪರಿಚಯ ಮಾಡಿಸುತ್ತದೆ. ದೇಹ ಅದನ್ನು ಗುರುತಿಟ್ಟುಕೊಳ್ಳುತ್ತದೆ. ಮುಂದೆ ನಿಜವಾದ ರೋಗಾಣು ಬಂದಾಗ ತಡಮಾಡದೆ ಎದುರಿಸುತ್ತದೆ. ಇದು ಒಬ್ಬರಿಗೆ ಆಗುವ ಲಾಭ.

ಇನ್ನೊಂದು ಲಾಭ ಸುತ್ತಲಿನವರಿಗೆ. ರೋಗವನ್ನು ಒಣಹುಲ್ಲಿನ ಬಯಲಿಗೆ ಬಿದ್ದ ಕಿಡಿ ಅಂದುಕೊಳ್ಳಿ. ಎಲ್ಲ ಕಡೆ ಒಣಹುಲ್ಲೇ ಇದ್ದರೆ ಬೆಂಕಿ ಸರ್ರನೆ ಹಬ್ಬುತ್ತದೆ. ಹುಲ್ಲಿನ ಹೆಚ್ಚಿನ ಭಾಗ ಹಸಿಯಾಗಿದ್ದರೆ ಕಿಡಿ ಬಿದ್ದಲ್ಲೇ ಆರುತ್ತದೆ. ನಡುವೆ ಅಲ್ಲೊಂದು ಇಲ್ಲೊಂದು ಒಣ ಕಡ್ಡಿ ಇದ್ದರೂ ಅದು ಬಚಾವಾಗುತ್ತದೆ. ಲಸಿಕೆಯ ವಯಸ್ಸಾಗದ ಹಸುಗೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು, ಇವರೇ ಆ ಒಣ ಕಡ್ಡಿಗಳು. ತಾವೇ ಲಸಿಕೆ ಹಾಕಿಸಿಕೊಳ್ಳಲು ಆಗದ ಇವರನ್ನು ಸುತ್ತಲಿನವರ ಲಸಿಕೆ ಕಾಯುತ್ತದೆ. ಇದಕ್ಕೇ ಸಾಮೂಹಿಕ ರೋಗನಿರೋಧಕ ಶಕ್ತಿ ಅನ್ನುವುದು.

ಎಷ್ಟು ಮಂದಿಗೆ ಆದರೆ ಸಾಕು? ಅದು ರೋಗ ಎಷ್ಟು ಬೇಗ ಹರಡುತ್ತದೆ ಅನ್ನುವುದರ ಮೇಲೆ ನಿಂತಿದೆ. ದಡಾರ ಮಹಾ ಅಂಟುರೋಗ. ಯಾರಿಗೂ ರಕ್ಷಣೆಯೇ ಇಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ತಗಲುತ್ತದೆ. ರೋಗಿ ಕೆಮ್ಮಿ ಎದ್ದುಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೆ ಉಳಿಯಬಲ್ಲದು. ಹೀಗಾಗಿ ದಡಾರವನ್ನು ತಡೆಯಲು ಸುಮಾರು ಶೇ 95 ಮಂದಿಗೆ ಎರಡು ಡೋಸ್ ಆಗಿರಬೇಕು. ನೂರಕ್ಕೆ ತೊಂಬತ್ತು ಅಂದರೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ. ದಡಾರದ ಮುಂದೆ ಅದು ಸಾಲದು.

ಸರಾಸರಿಯನ್ನು ನಂಬಿ ಕೂರುವಂತೆಯೂ ಇಲ್ಲ. ಇಡೀ ದೇಶದಲ್ಲಿ ಶೇ 95 ಇರಬಹುದು. ಆದರೆ ಬಾಕಿ ಐದು ಮಂದಿ ಎಲ್ಲ ಕಡೆ ಚದುರಿಲ್ಲದೆ ಒಂದೇ ಸಮುದಾಯದಲ್ಲಿ, ಒಂದೇ ಶಾಲೆಯಲ್ಲಿ ಗುಂಪಾಗಿದ್ದರೆ? ಬಯಲೆಲ್ಲ ಹಸಿ, ಒಂದು ಮೂಲೆ ಮಾತ್ರ ಪೂರ್ತಿ ಒಣ. ಕಿಡಿಗೆ ಅಷ್ಟು ಸಾಕು. ಈಚಿನ ವರ್ಷಗಳಲ್ಲಿ ಶ್ರೀಮಂತ ದೇಶಗಳಲ್ಲಿ ಕಂಡ ದಡಾರದ ಅಲೆಗಳು ಹೆಚ್ಚಾಗಿ ಇಂಥ ಮೂಲೆಗಳಿಂದಲೇ ಎದ್ದವು.

‘ಲಸಿಕೆ ಹಾಕಿಸಿಕೊಂಡವರಿಗೂ ಬಂತಲ್ಲ?’

ಈ ಪ್ರಶ್ನೆ ನ್ಯಾಯವಾದದ್ದು. ದಡಾರದ ಲಸಿಕೆ ಎರಡು ಡೋಸ್ ಆದರೆ ಸುಮಾರು ಶೇ 97 ರಕ್ಷಣೆ ಕೊಡುತ್ತದೆ. ಪೂರ್ತಿ ನೂರು ಅಲ್ಲ. ಇದರ ಅರ್ಥ ತಿಳಿಯಲು ಒಂದು ಸಣ್ಣ ಲೆಕ್ಕ ಹಾಕೋಣ.

ಸಾವಿರ ಮಕ್ಕಳಿದ್ದಾರೆ. 950 ಮಕ್ಕಳಿಗೆ ಲಸಿಕೆ ಆಗಿದೆ, 50 ಮಕ್ಕಳಿಗೆ ಆಗಿಲ್ಲ. ದಡಾರ ಬಂತು, ಎಲ್ಲರನ್ನೂ ಮುಟ್ಟಿತು ಅಂದುಕೊಳ್ಳಿ. ಲಸಿಕೆ ಆಗದ 50 ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಲಗುತ್ತಾರೆ. ಲಸಿಕೆ ಆದ 950ರಲ್ಲಿ ಶೇ 3 ಅಂದರೆ 28 ಮಕ್ಕಳಿಗೆ ರೋಗ ಬರುತ್ತದೆ. ಒಟ್ಟು 78. ‘ದಡಾರ ಬಂದ ಮೂವರಲ್ಲಿ ಒಬ್ಬರಿಗೆ ಲಸಿಕೆ ಆಗಿತ್ತು’ ಅಂತ ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಆದರೆ ಅರ್ಧ ಚಿತ್ರ ಮಾತ್ರ. ಒಂದು ಗುಂಪಿನಲ್ಲಿ 50ಕ್ಕೆ 50, ಇನ್ನೊಂದರಲ್ಲಿ 950ಕ್ಕೆ 28. ನೋಡಬೇಕಾದದ್ದು ಇದನ್ನು. ಎಲ್ಲರಿಗೂ ಲಸಿಕೆ ಆದ ಊರಿನಲ್ಲಿ ಯಾರಿಗಾದರೂ ರೋಗ ಬಂದರೆ, ಬಂದವರೆಲ್ಲ ಲಸಿಕೆ ಹಾಕಿಸಿಕೊಂಡವರೇ ಆಗಿರುತ್ತಾರೆ ಅಲ್ವಾ?

ವಿರೋಧಿಗಳು ಕಡಿಮೆ, ನಡುವೆ ಇರುವವರು ಜಾಸ್ತಿ

‘ಲಸಿಕೆ ಹಿಂಜರಿಕೆ’ ಅಂದರೆ ಲಸಿಕೆ ಸಿಗುತ್ತಿದ್ದರೂ ತಡ ಮಾಡುವುದು ಅಥವಾ ಬೇಡ ಅನ್ನುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಗತ್ತಿನ ಆರೋಗ್ಯಕ್ಕಿರುವ ಹತ್ತು ದೊಡ್ಡ ಅಪಾಯಗಳ ಪಟ್ಟಿಗೆ ಸೇರಿಸಿತು. ಆಗಿನ್ನೂ ಕೋವಿಡ್ ಬಂದಿರಲಿಲ್ಲ.

ಲಸಿಕೆ ಎಂದರೆ ಸುತರಾಂ ಒಪ್ಪದವರು ಎಲ್ಲ ಕಡೆಯೂ ಸಣ್ಣ ಗುಂಪು. ಅವರ ದನಿ ದೊಡ್ಡದು, ಸಂಖ್ಯೆ ಅಲ್ಲ. ಬಹುಪಾಲು ಜನ ನಡುವೆ ಇರುತ್ತಾರೆ. ಒಂದು ಲಸಿಕೆಗೆ ಸರಿ, ಇನ್ನೊಂದಕ್ಕೆ ಅನುಮಾನ. ಮೊದಲ ಮಗುವಿಗೆ ಎಲ್ಲ ಹಾಕಿಸಿ, ಎರಡನೆಯದಕ್ಕೆ ‘ನೋಡೋಣ’ ಅನ್ನುವವರು. ಚುಚ್ಚಿದ ರಾತ್ರಿ ಮಗು ಜ್ವರದಿಂದ ಅತ್ತದ್ದನ್ನು ಕಂಡು ಮುಂದಿನ ಡೋಸ್‌ಗೆ ಹೋಗಲು ಮನಸ್ಸು ಬಾರದವರು. ಇವರನ್ನೆಲ್ಲ ಲಸಿಕೆ ವಿರೋಧಿಗಳು ಅಂತ ಕರೆದುಬಿಟ್ಟರೆ, ಗೆಲ್ಲಬಹುದಾದವರನ್ನೇ ಕಳೆದುಕೊಂಡ ಹಾಗೆ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹಿಂಜರಿಕೆಯ ಕಾರಣಗಳನ್ನು ಮೂರು ಭಾಗ ಮಾಡಿದ್ದಾರೆ. ಒಂದು ನಂಬಿಕೆಯ ಕೊರತೆ: ಲಸಿಕೆಯ ಮೇಲೆ, ಅದನ್ನು ಕೊಡುವವರ ಮೇಲೆ, ಹೇಳುವ ಸರ್ಕಾರದ ಮೇಲೆ. ಎರಡನೆಯದು ಉದಾಸೀನ: ‘ಈಗೆಲ್ಲಿದೆ ಆ ರೋಗ?’ ಮೂರನೆಯದು ಅನಾನುಕೂಲ: ದೂರ, ಕೂಲಿ ಕಳೆದುಕೊಳ್ಳುವುದು, ಹೋದ ದಿನ ಲಸಿಕೆ ಇಲ್ಲದಿರುವುದು.

ಎರಡನೆಯದರಲ್ಲಿ ಒಂದು ನೋವಿನ ಸತ್ಯ ಇದೆ. ಲಸಿಕೆ ತನ್ನ ಗೆಲುವಿನಿಂದಲೇ ಸೋಲುತ್ತದೆ. ಸಿಡುಬು 1977ರ ನಂತರ ಸಹಜವಾಗಿ ಯಾರಿಗೂ ಬಂದಿಲ್ಲ. 1980ರಲ್ಲಿ ಅದು ಭೂಮಿಯಿಂದಲೇ ಹೋಯಿತು ಎಂದು ಘೋಷಿಸಿದರು. ಗಂಟಲಮಾರಿಯಿಂದ ಉಸಿರುಗಟ್ಟಿದ ಮಗುವನ್ನು ಇವತ್ತಿನ ಬಹುತೇಕ ತಂದೆತಾಯಿ ಕಂಡಿಲ್ಲ. ಪೋಲಿಯೊದಿಂದ ಕಾಲು ಸೊರಗಿದ ಪುಟ್ಟ ಮಕ್ಕಳು ಈಗ ಬಹುತೇಕ ಕಡೆ ಕಾಣುವುದಿಲ್ಲ. ರೋಗ ಕಣ್ಣಿಗೆ ಕಾಣುವುದಿಲ್ಲ, ಚುಚ್ಚಿದ ಜಾಗದ ಬಾವು ಕಾಣುತ್ತದೆ. ಭಯ ಕಾಣುವುದರ ಕಡೆಗೆ ಹೋಗುವುದು ಸಹಜ.

ಭಯ ಹುಟ್ಟಿದ ಎರಡು ಕಡೆ

ಬ್ರಿಟನ್ನಿನಲ್ಲಿ 1998ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರಲ್ಲಿ ಮುಖ್ಯರು ಆಂಡ್ರ್ಯೂ ವೇಕ್‌ಫೀಲ್ಡ್. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂ ಎಂಬ ಮೆದುಳಿನ ಬೆಳವಣಿಗೆಯ ಸಮಸ್ಯೆಗೂ ನಂಟು ಇರಬಹುದು ಎಂಬ ಗುಮಾನಿ ಅಲ್ಲಿತ್ತು. ಪರೀಕ್ಷಿಸಿದ್ದು ಬರೀ 12 ಮಕ್ಕಳನ್ನು. ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕಲು ಹೊರಟಿದ್ದ ವಕೀಲರಿಂದ ಅವರು ಹಣ ಪಡೆದದ್ದು, ಮಾಹಿತಿ ತಿರುಚಿದ್ದು ಆಮೇಲೆ ಹೊರಬಿತ್ತು. 2010ರಲ್ಲಿ ಪತ್ರಿಕೆ ಲೇಖನವನ್ನು ಹಿಂಪಡೆಯಿತು, ಅದೇ ವರ್ಷ ಅವರ ವೈದ್ಯ ಪರವಾನಗಿಯೂ ಹೋಯಿತು. ನಡುವಿನ 12 ವರ್ಷದಲ್ಲಿ ಸುದ್ದಿ ಲೋಕವೆಲ್ಲ ಸುತ್ತಿತ್ತು. ಇಂಗ್ಲೆಂಡಿನಲ್ಲಿ ಎಂಎಂಆರ್ ಪ್ರಮಾಣ ಶೇ 80ರ ಹತ್ತಿರಕ್ಕೆ ಇಳಿದಿತ್ತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2019ರಲ್ಲಿ ಬಂತು. ಲಸಿಕೆ ಆದವರಲ್ಲಿ ಆಟಿಸಂ ಜಾಸ್ತಿ ಏನೂ ಇರಲಿಲ್ಲ.

ಆದರೂ ತಾಯಿಯೊಬ್ಬಳು ‘ನನ್ನ ಮಗ ಚುಚ್ಚಿಸಿದ ಮೇಲೇ ಹೀಗಾದ’ ಅಂದರೆ ಅವಳು ಸುಳ್ಳು ಹೇಳುತ್ತಿಲ್ಲ. ಎಂಎಂಆರ್ ಮೊದಲ ಡೋಸ್ ಕೊಡುವುದು ಹೆಚ್ಚುಕಡಿಮೆ ಒಂದು ವರ್ಷದ ಹೊತ್ತಿಗೆ. ಮಗು ಕರೆದರೆ ತಿರುಗುವುದಿಲ್ಲ, ಮಾತು ಬರುತ್ತಿಲ್ಲ ಅನ್ನುವುದು ತಂದೆತಾಯಿಗೆ ಗೊತ್ತಾಗುವುದೂ ಅದರ ನಂತರದ ತಿಂಗಳುಗಳಲ್ಲೇ. ಎರಡೂ ಒಂದರ ಹಿಂದೆ ಒಂದು ಬರುತ್ತವೆ. ಒಂದರಿಂದ ಇನ್ನೊಂದಾಯಿತು ಅನ್ನಿಸುವುದು ಮನುಷ್ಯ ಸಹಜ. ಲಸಿಕೆ ಹಾಕಿಸದ ಮಕ್ಕಳಲ್ಲೂ ಅದೇ ವಯಸ್ಸಿಗೆ, ಅದೇ ಪ್ರಮಾಣದಲ್ಲಿ ಆಟಿಸಂ ಕಾಣುತ್ತದೆ ಅನ್ನುವುದು ಒಬ್ಬ ತಾಯಿಯ ಕಣ್ಣಿಗೆ ಕಾಣುವ ವಿಷಯವಲ್ಲ. ಅದಕ್ಕೇ ಲಕ್ಷಗಟ್ಟಲೆ ಮಕ್ಕಳ ಲೆಕ್ಕ ಬೇಕಾಗುವುದು.

ಇನ್ನೊಂದು ಕಥೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪದೇಶದ್ದು. ಜನಸಂಖ್ಯೆ ಸುಮಾರು ಎರಡು ಲಕ್ಷ. 2018ರ ಜುಲೈಯಲ್ಲಿ ಅಲ್ಲಿ ಎರಡು ಹಸುಳೆಗಳು ಎಂಎಂಆರ್ ಚುಚ್ಚಿಸಿಕೊಂಡ ಕೆಲವೇ ನಿಮಿಷದಲ್ಲಿ ಸತ್ತುಹೋದವು. ಇಲ್ಲಿ ಭಯಕ್ಕೆ ಕಾರಣ ಕಣ್ಣೆದುರೇ ಇತ್ತು. ಎಂಎಂಆರ್ ಪುಡಿಯ ರೂಪದಲ್ಲಿ ಬರುತ್ತದೆ. ಜೊತೆಗೆ ಕೊಟ್ಟ ನೀರಿನಲ್ಲಿ ಕಲಸಿ ಚುಚ್ಚಬೇಕು. ದಾದಿಯರು ಆ ನೀರಿನ ಬದಲು, ಆಪರೇಷನ್ನಿನಲ್ಲಿ ಸ್ನಾಯು ಸಡಿಲಿಸಲು ಬಳಸುವ ಔಷಧದಲ್ಲಿ ಕಲಸಿದ್ದರು. ಲಸಿಕೆಯಲ್ಲಿ ದೋಷ ಇರಲಿಲ್ಲ, ಕೊಟ್ಟ ರೀತಿಯಲ್ಲಿ ಇತ್ತು. ಇಬ್ಬರು ದಾದಿಯರಿಗೆ ಜೈಲಾಯಿತು.

ಆದರೆ ಸತ್ಯ ಗೊತ್ತಾಗುವಷ್ಟರಲ್ಲಿ ನಂಬಿಕೆ ಮುರಿದಿತ್ತು. ಸರ್ಕಾರ ಎಂಎಂಆರ್ ಕೊಡುವುದನ್ನೇ ತಿಂಗಳುಗಟ್ಟಲೆ ನಿಲ್ಲಿಸಿತು. ದಡಾರದ ಮೊದಲ ಡೋಸ್ ಆದ ಮಕ್ಕಳ ಪ್ರಮಾಣ ಶೇ 31ರ ಆಸುಪಾಸಿಗೆ ಕುಸಿಯಿತು. 2019ರ ಕೊನೆಯಲ್ಲಿ ಹೊರಗಿನಿಂದ ದಡಾರ ಬಂತು. 5,700ಕ್ಕೂ ಹೆಚ್ಚು ಮಂದಿಗೆ ತಗಲಿತು, 83 ಮಂದಿ ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಕೊನೆಗೆ ಡಿಸೆಂಬರ್‌ನಲ್ಲಿ ಎರಡು ದಿನ ಸರ್ಕಾರಿ ಕಚೇರಿ ಮುಚ್ಚಿ, ನೌಕರರನ್ನೆಲ್ಲ ಲಸಿಕೆ ಕೆಲಸಕ್ಕೆ ಹಚ್ಚಿದರು. ಲಸಿಕೆ ಆಗದ ಮನೆಯವರು ಬಾಗಿಲ ಮುಂದೆ ಕೆಂಪು ಬಟ್ಟೆ ಕಟ್ಟಬೇಕಿತ್ತು. ತಂಡಗಳು ಕೆಂಪು ಕಂಡಲ್ಲಿ ನಿಂತು ಚುಚ್ಚುತ್ತಾ ಹೋದವು. ತಿಂಗಳೊಪ್ಪತ್ತಿನಲ್ಲಿ ಪ್ರಮಾಣ ಶೇ 95ರ ಹತ್ತಿರ ಬಂತು. ಒಂದೂವರೆ ವರ್ಷದ ಮೊದಲೇ ಆಗಬಹುದಾಗಿದ್ದ ಕೆಲಸ ಅದು. ಅಷ್ಟು ಮಕ್ಕಳನ್ನು ಕಳೆದುಕೊಂಡ ಮೇಲೆ ಆಯಿತು ಅನ್ನುವುದು ಹೊಟ್ಟೆ ಉರಿಸುವ ವಿಷಯ.

ತಪ್ಪು ನಡೆದಾಗ ಏನಾಯಿತು, ಯಾರಿಂದ, ಮುಂದೆ ಹೇಗೆ ತಡೆಯುತ್ತೇವೆ ಅಂತ ಆರೋಗ್ಯ ಇಲಾಖೆ ಕೂಡಲೇ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ಟ ಜಾಗದಲ್ಲಿ ಗಾಳಿಸುದ್ದಿ ತುಂಬಿಕೊಳ್ಳುತ್ತದೆ. ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ ಅನ್ನುವುದೂ ಸರಿಯಲ್ಲ. ಜ್ವರ, ಚುಚ್ಚಿದ ಕಡೆ ನೋವು ಸಾಮಾನ್ಯ. ಗಂಭೀರ ಅಲರ್ಜಿ ಆಗುವುದು ಲಕ್ಷಗಟ್ಟಲೆ ಡೋಸ್‌ಗೆ ಒಂದು. ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಕೂರಿಸುವುದು ಅದಕ್ಕೇ. ಒಂದು ಲಸಿಕೆಯಲ್ಲಿ ನಿಜವಾಗಿ ತೊಂದರೆ ಕಂಡಾಗ ವಾಪಸ್ ಪಡೆದದ್ದೂ ಇದೆ: 1999ರಲ್ಲಿ ಅಮೆರಿಕದಲ್ಲಿ, ಶಿಶುಗಳಿಗೆ ಭೇದಿ ತರುವ ರೋಟಾವೈರಸ್‌ನ ಮೊದಲ ಲಸಿಕೆಯಿಂದ ಕೆಲವು ಶಿಶುಗಳ ಕರುಳು ಒಂದರೊಳಗೊಂದು ಸಿಕ್ಕಿಕೊಳ್ಳುವುದು ಗೊತ್ತಾಗಿ ಅದನ್ನು ಮಾರುಕಟ್ಟೆಯಿಂದ ತೆಗೆದರು. ನಿಗಾ ವ್ಯವಸ್ಥೆ ಕಣ್ಣು ತೆರೆದೇ ಇದೆ ಅನ್ನುವುದಕ್ಕೆ ಇದೇ ಸಾಕ್ಷಿ.

ಮನಸ್ಸು ಇದೆ, ದಾರಿ ಇಲ್ಲ

ಈಗ ಅನಾನುಕೂಲದ ವಿಷಯ. ನನ್ನ ಪ್ರಕಾರ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. 2024ರಲ್ಲಿ ಜಗತ್ತಿನಲ್ಲಿ 1.4 ಕೋಟಿಗೂ ಹೆಚ್ಚು ಶಿಶುಗಳಿಗೆ ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮಿನ ಲಸಿಕೆಯ ಮೊದಲ ಡೋಸ್ ಕೂಡ ಆಗಿರಲಿಲ್ಲ. ಇವರಲ್ಲಿ ಬಹಳಷ್ಟು ಮಕ್ಕಳು ಇರುವುದು ಯುದ್ಧ ನಡೆಯುವ ಕಡೆ, ಕೊಳೆಗೇರಿಗಳಲ್ಲಿ, ರಸ್ತೆ ಇಲ್ಲದ ಹಳ್ಳಿಗಳಲ್ಲಿ. ಅವರ ತಂದೆತಾಯಿ ಬೇಡ ಅಂದಿದ್ದಾರೆ ಅಂತಲ್ಲ. ಲಸಿಕೆ ಅವರ ತನಕ ಹೋಗಿಲ್ಲ.

ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಜೊತೆಗಾರರು ಸೇವಾ ಮಂದಿರ ಸಂಸ್ಥೆಯ ಜೊತೆ ಸೇರಿ ಮಾಡಿದ್ದು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಹಳ್ಳಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿನಲ್ಲಿ ಹೊಸದೇನೂ ಇಲ್ಲ, ಇದ್ದ ವ್ಯವಸ್ಥೆಯೇ. ಎರಡನೆಯದರಲ್ಲಿ ಪ್ರತಿ ತಿಂಗಳು ಹೇಳಿದ ದಿನ, ತಪ್ಪದೆ ಲಸಿಕೆ ಶಿಬಿರ. ಮೂರನೆಯದರಲ್ಲಿ ಅದೇ ಶಿಬಿರ, ಜೊತೆಗೆ ಪ್ರತಿ ಡೋಸ್‌ಗೆ ಒಂದು ಕಿಲೊ ಬೇಳೆ, ಎಲ್ಲ ಡೋಸ್ ಮುಗಿದರೆ ಊಟದ ತಟ್ಟೆಗಳು.

ಎಲ್ಲ ಲಸಿಕೆ ಪೂರ್ತಿಯಾದ ಮಕ್ಕಳು ಮೊದಲ ಗುಂಪಿನಲ್ಲಿ ಶೇ 6, ಎರಡನೆಯದರಲ್ಲಿ ಶೇ 18, ಮೂರನೆಯದರಲ್ಲಿ ಶೇ 39.

ಇದನ್ನು ‘ಬೇಳೆಯ ಆಸೆಗೆ ಬಂದರು’ ಅಂತ ಓದಬೇಡಿ. ಒಂದು ಕಿಲೊ ಬೇಳೆಗೆ ಯಾರೂ ತಮ್ಮ ನಂಬಿಕೆ ಮಾರಿಕೊಳ್ಳುವುದಿಲ್ಲ. ಮಗುವಿಗೆ ಅಪಾಯ ಅನ್ನಿಸಿದ್ದರೆ ಅವರು ಬರುತ್ತಲೇ ಇರಲಿಲ್ಲ. ‘ಮುಂದಿನ ತಿಂಗಳು ಹೋದರಾಯಿತು’ ಅನ್ನುವುದನ್ನು ಆ ಬೇಳೆ ‘ಇವತ್ತೇ ಹೋಗೋಣ’ ಮಾಡಿತು, ಅಷ್ಟೇ. ಜನ ಜಾಸ್ತಿ ಬಂದದ್ದರಿಂದ ದಾದಿಯ ದಿನವೂ ಸಾರ್ಥಕವಾಯಿತು. ಲೆಕ್ಕ ಹಾಕಿದಾಗ ಪ್ರತಿ ಮಗುವಿನ ಲಸಿಕೆಗೆ ಬಿದ್ದ ಖರ್ಚು, ಬೇಳೆ ಕೊಟ್ಟ ಶಿಬಿರದಲ್ಲೇ ಕಡಿಮೆ ಇತ್ತು. ಮೊದಲ ಗುಂಪಿನ ಶೇ 6ರಿಂದ ಶೇ 18ಕ್ಕೆ ಏರಿಸಿದ್ದು ಮಾತ್ರ ಹೇಳಿದ ದಿನ ತಪ್ಪದೆ ನಡೆದ ಶಿಬಿರವೊಂದೇ.

ಇದೇ ಜಾತಿಯ ಸಣ್ಣ ಉಪಾಯಗಳು ಇನ್ನೂ ಇವೆ. ಮುಂದಿನ ಡೋಸ್ ಯಾವಾಗ ಅಂತ ಫೋನಿಗೆ ಸಂದೇಶ ಕಳಿಸುವುದು ಹಲವು ದೇಶಗಳಲ್ಲಿ ಫಲ ಕೊಟ್ಟಿದೆ. ಕೆಲಸಕ್ಕೆ ಹೋಗುವವರಿಗಾಗಿ ಸಂಜೆ ಕೇಂದ್ರ ತೆರೆದಿಡುವುದು, ಬೇರೆ ಕಾಯಿಲೆಗೆ ಬಂದ ಮಗುವಿನ ಲಸಿಕೆ ಕಾರ್ಡನ್ನೂ ಕೇಳಿ ನೋಡುವುದು. ಚುಚ್ಚುವಾಗ ತಾಯಿ ಮಗುವನ್ನು ಎತ್ತಿಕೊಂಡಿರುವುದು, ಎದೆಹಾಲು ಕುಡಿಸುತ್ತಿರುವುದು, ಹೆಚ್ಚು ನೋಯುವ ಲಸಿಕೆಯನ್ನು ಕೊನೆಗೆ ಕೊಡುವುದು: ಇವು ನೋವು ಕಡಿಮೆ ಮಾಡುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸಲಹೆ ಕೊಟ್ಟಿದೆ. ಮಗು ಕಡಿಮೆ ಅತ್ತರೆ ತಾಯಿ ಮುಂದಿನ ಸಲ ಬರುವ ಸಾಧ್ಯತೆ ಜಾಸ್ತಿ.

ಅನುಮಾನ ಇರುವವರ ಜೊತೆ ಮಾತು

ನಂಬಿಕೆಯ ಕೊರತೆಗೆ ಅಂಕಿಅಂಶ ಸುರಿದರೆ ಸಾಕಾ? 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೋಷಕರಿಗೆ ‘ಎಂಎಂಆರ್‌ನಿಂದ ಆಟಿಸಂ ಬರುವುದಿಲ್ಲ’ ಅನ್ನುವ ಮಾಹಿತಿ ಕೊಟ್ಟರು. ಓದಿದವರು ಅದನ್ನು ಒಪ್ಪಿದರು ಕೂಡ. ಆದರೆ ಮೊದಲೇ ತುಂಬ ಅನುಮಾನ ಇದ್ದವರಲ್ಲಿ ಲಸಿಕೆ ಹಾಕಿಸುವ ಮನಸ್ಸು ಹೆಚ್ಚಲಿಲ್ಲ, ಇನ್ನೂ ಇಳಿಯಿತು. ತಲೆ ಒಪ್ಪಿದರೂ ಮನಸ್ಸು ಒಪ್ಪಲಿಲ್ಲ.

ಹಾಗಂತ ಮಾತಾಡಿ ಪ್ರಯೋಜನ ಇಲ್ಲ ಅಂತಲ್ಲ. ಹೇಗೆ ಮಾತಾಡುತ್ತೇವೆ ಅನ್ನುವುದು ಮುಖ್ಯ. ಅಮೆರಿಕದ ಸಿಯಾಟಲ್ ಸುತ್ತಮುತ್ತ ಡಾಕ್ಟರು ಮತ್ತು ಪೋಷಕರ ಮಾತುಕತೆಯನ್ನು ವಿಡಿಯೊ ಮಾಡಿ ನೋಡಿದ ಅಧ್ಯಯನ 2013ರಲ್ಲಿ ಬಂತು. ‘ಲಸಿಕೆ ಬಗ್ಗೆ ಏನು ಮಾಡೋಣ ಅಂತೀರಿ?’ ಎಂದು ಶುರು ಮಾಡಿದ ಕಡೆ ಬೇಡ ಅಂದವರು ಬಹಳ. ‘ಇವತ್ತು ಮಗುವಿಗೆ ಈ ಲಸಿಕೆಗಳಿವೆ, ಕೊಟ್ಟುಬಿಡೋಣ’ ಅಂದ ಕಡೆ ಹೆಚ್ಚಿನವರು ಸರಿ ಅಂದರು. ಮೊದಲು ಬೇಡ ಅಂದವರಿಗೂ ಡಾಕ್ಟರು ಸಲಹೆ ಬಿಡದೆ ಇನ್ನೊಮ್ಮೆ ಹೇಳಿದಾಗ, ಅವರಲ್ಲಿ ಅರ್ಧದ ಹತ್ತಿರದಷ್ಟು ಮಂದಿ ಒಪ್ಪಿಕೊಂಡರು.

ಇನ್ನೊಂದು ದಾರಿ ಕೇಳಿಸಿಕೊಳ್ಳುವುದು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹೆರಿಗೆಯಾದ ಒಂದೆರಡು ದಿನದಲ್ಲೇ ತರಬೇತಿ ಪಡೆದವರು ತಾಯಿಯ ಪಕ್ಕ ಕೂತು ಮಾತಾಡುತ್ತಾರೆ. ಉಪದೇಶ ಇಲ್ಲ. ಮಾತು ಸಾಗುವ ರೀತಿ ಹೆಚ್ಚುಕಡಿಮೆ ಹೀಗೆ:

‘ಲಸಿಕೆ ಬಗ್ಗೆ ನಿಮಗೆ ಏನನ್ನಿಸುತ್ತೆ?’

‘ಇಷ್ಟು ಸಣ್ಣ ಮಗುವಿಗೆ ಇಷ್ಟೊಂದು ಚುಚ್ಚೋದು ಬೇಕಾ ಅಂತ.’

‘ಪುಟ್ಟ ಮಗು, ತಡೆದುಕೊಳ್ಳುತ್ತೋ ಇಲ್ವೋ ಅನ್ನೋ ಚಿಂತೆ ನಿಮಗೆ. ಅದರ ಬಗ್ಗೆ ನನಗೆ ಗೊತ್ತಿರೋದನ್ನ ಹೇಳಲಾ?’

ಮೊದಲು ಕೇಳುವುದು, ಕೇಳಿದ್ದನ್ನು ಅವರಿಗೇ ತಿರುಗಿಸಿ ಹೇಳುವುದು, ಅನುಮತಿ ಪಡೆದು ಮಾಹಿತಿ ಕೊಡುವುದು, ತೀರ್ಮಾನ ಅವರಿಗೇ ಬಿಡುವುದು. ಹೀಗೆ ಮಾತಾಡಿದ ಮೇಲೆ ಲಸಿಕೆ ಹಾಕಿಸುತ್ತೇವೆ ಅನ್ನುವವರ ಸಂಖ್ಯೆ ಏರಿದ್ದನ್ನು ಅಲ್ಲಿನ ಅಧ್ಯಯನಗಳು ದಾಖಲಿಸಿವೆ.

ಹೇಳುವವರು ಯಾರು ಅನ್ನುವುದೂ ಅಷ್ಟೇ ಮುಖ್ಯ. 2003ರಲ್ಲಿ ನೈಜೀರಿಯಾದ ಕಾನೊ ರಾಜ್ಯ ಪೋಲಿಯೊ ಹನಿ ನಿಲ್ಲಿಸಿತು. ಸಂತಾನ ಆಗದ ಹಾಗೆ ಮಾಡುವ ಮದ್ದು ಅದರಲ್ಲಿದೆ ಎಂಬ ಗಾಳಿಸುದ್ದಿ ಹಬ್ಬಿತ್ತು. ಹೊರಗಿನವರ ಕಣ್ಣಿಗೆ ಇದು ಮೂಢನಂಬಿಕೆ. ಆದರೆ 1996ರಲ್ಲಿ ಅದೇ ಕಾನೊದಲ್ಲಿ ಮೆದುಳಿನ ಪೊರೆಯ ಸೋಂಕು ಹಬ್ಬಿದ್ದಾಗ, ವಿದೇಶಿ ಔಷಧ ಕಂಪನಿಯೊಂದು ಮಕ್ಕಳ ಮೇಲೆ ಹೊಸ ಔಷಧ ಪರೀಕ್ಷೆ ಮಾಡಿ ಅದು ಕೋರ್ಟಿನ ತನಕ ಹೋಗಿತ್ತು. ಜನರ ಅನುಮಾನಕ್ಕೆ ಬೇರು ಇತ್ತು. ಸುಮಾರು ಒಂದು ವರ್ಷ ಲಸಿಕೆ ನಿಂತಿತು, ಅಲ್ಲಿಂದ ಪೋಲಿಯೊ ಹತ್ತಾರು ದೇಶಗಳಿಗೆ ಹೋಯಿತು. ಸರಿಯಾದದ್ದು ಸ್ಥಳೀಯ ಧಾರ್ಮಿಕ ಮುಖಂಡರು ಮುಂದೆ ಬಂದಾಗ, ಅವರು ನಂಬುವ, ಮುಸ್ಲಿಮರೇ ಹೆಚ್ಚಿರುವ ಇಂಡೊನೇಷ್ಯಾದಿಂದ ಲಸಿಕೆ ತರಿಸಿದಾಗ. 2020ರಲ್ಲಿ ಆಫ್ರಿಕಾ ಖಂಡ ಸಹಜ ಪೋಲಿಯೊ ವೈರಸ್‌ನಿಂದ ಮುಕ್ತ ಎಂದು ಘೋಷಿಸಿದರು. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲೂ ಅಂಥದೇ ಗಾಳಿಸುದ್ದಿ ಇತ್ತು. ಮಸೀದಿಗಳ ಇಮಾಮರು, ಅದೇ ಬೀದಿಯ ಹೆಂಗಸರು ಮನೆಮನೆಗೆ ಹೋಗಿ ಮಾತಾಡಿದ ಮೇಲೆ ಬಾಗಿಲುಗಳು ತೆರೆದವು. ಭಾರತದಲ್ಲಿ ಸಹಜ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯದು.

ಕಡ್ಡಾಯ ಮಾಡಿದರೆ?

ಇಟಲಿ 2017ರಲ್ಲಿ ಕಡ್ಡಾಯ ಲಸಿಕೆಗಳನ್ನು ನಾಲ್ಕರಿಂದ ಹತ್ತಕ್ಕೆ ಏರಿಸಿತು. ದಡಾರದ ಲಸಿಕೆ ಶೇ 87ರ ಆಸುಪಾಸಿನಿಂದ ಎರಡು-ಮೂರು ವರ್ಷದಲ್ಲಿ ಶೇ 94ರ ಆಸುಪಾಸಿಗೆ ಬಂತು. ಆಸ್ಟ್ರೇಲಿಯಾ 2016ರಿಂದ ಲಸಿಕೆ ಆಗದ ಮಕ್ಕಳ ಪೋಷಕರಿಗೆ ಕೆಲವು ಸರ್ಕಾರಿ ಭತ್ಯೆ ನಿಲ್ಲಿಸಿತು. ಅಂದರೆ ಕಾನೂನು ಕೆಲಸ ಮಾಡುತ್ತದೆ.

ಆದರೆ ಬೆಲೆಯೂ ಇದೆ. ಇಂಗ್ಲೆಂಡ್ 1853ರಲ್ಲಿ ಸಿಡುಬಿನ ಲಸಿಕೆ ಕಡ್ಡಾಯ ಮಾಡಿ, ಒಪ್ಪದವರಿಗೆ ದಂಡ ಹಾಕಿತು. 1885ರಲ್ಲಿ ಲೆಸ್ಟರ್ ನಗರದಲ್ಲಿ ಸಾವಿರಾರು ಮಂದಿ ಬೀದಿಗಿಳಿದರು. 1898ರಲ್ಲಿ ಸರ್ಕಾರ ಮಣಿದು, ಮನಸ್ಸಾಕ್ಷಿ ಒಪ್ಪದವರಿಗೆ ವಿನಾಯಿತಿ ಕೊಟ್ಟಿತು. ಈಚೆಗೆ ಕ್ಯಾಲಿಫೋರ್ನಿಯಾ ನಂಬಿಕೆಯ ಆಧಾರದ ವಿನಾಯಿತಿ ತೆಗೆದಾಗ ವೈದ್ಯಕೀಯ ಕಾರಣದ ವಿನಾಯಿತಿ ಪತ್ರಗಳು ಏರಿದವು. 2019ರಲ್ಲಿ ಆ ದಾರಿಯನ್ನೂ ಬಿಗಿ ಮಾಡಬೇಕಾಯಿತು. ಇನ್ನು ಲಸಿಕೆಯೇ ಸರಿಯಾಗಿ ಸಿಗದ ಕಡೆ ಕಡ್ಡಾಯ ಮಾಡಿದರೆ ಶಿಕ್ಷೆ ಬೀಳುವುದು ಬಡವರಿಗೆ. ಮೊದಲು ಲಸಿಕೆ ಕೈಗೆ ಸಿಗಬೇಕು, ಕಾನೂನಿನ ಮಾತು ಆಮೇಲೆ.

ಡೋಸ್ ತಪ್ಪಿದ್ದರೆ

ತಾರೀಕು ದಾಟಿಹೋಗಿದೆ, ಈಗ ಹೋದರೆ ಬೈಯುತ್ತಾರೆ ಅನ್ನುವ ಸಂಕೋಚಕ್ಕೇ ಎಷ್ಟೋ ಜನ ಕೇಂದ್ರದ ಕಡೆ ತಲೆ ಹಾಕುವುದಿಲ್ಲ. ಎಲ್ಲ ಮೊದಲಿಂದ ಚುಚ್ಚಬೇಕೇನೋ ಅನ್ನುವ ಭಯವೂ ಇರುತ್ತದೆ. ಸಾಮಾನ್ಯವಾಗಿ ಹಾಗಿಲ್ಲ. ಆದ ಡೋಸ್‌ಗಳು ಲೆಕ್ಕದಲ್ಲೇ ಇರುತ್ತವೆ, ನಿಂತಲ್ಲಿಂದ ಮುಂದುವರಿಸುತ್ತಾರೆ. ಶಿಶುಗಳಿಗೆ ಕೊಡುವ ರೋಟಾವೈರಸ್ ಹನಿಯಂಥ ಕೆಲವಕ್ಕೆ ಮಾತ್ರ ವಯಸ್ಸಿನ ಮಿತಿ ಇದೆ. ಸಣ್ಣ ನೆಗಡಿ, ಕೆಮ್ಮು ಇದ್ದರೂ ಲಸಿಕೆ ಕೊಡಬಹುದು. ಜೋರು ಜ್ವರ ಇದ್ದರೆ, ಹಿಂದೆ ಯಾವುದಾದರೂ ಲಸಿಕೆಗೆ ಗಂಭೀರ ಅಲರ್ಜಿ ಆಗಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಚಿಕಿತ್ಸೆ ನಡೆಯುತ್ತಿದ್ದರೆ ಚುಚ್ಚುವ ಮೊದಲೇ ಹೇಳಬೇಕು. ಲಸಿಕೆ ಕಾರ್ಡ್ ಕಳೆದುಹೋಗಿದ್ದರೂ ಹೋಗಿ. ಹಳೆಯ ದಾಖಲೆ ಹುಡುಕುತ್ತಾರೆ. ಸಿಗದಿದ್ದರೆ ಆಗಿಲ್ಲ ಅಂದುಕೊಂಡೇ ಕೊಡುತ್ತಾರೆ. ಮೊದಲೇ ಆಗಿದ್ದ ಎಂಎಂಆರ್ ಇನ್ನೊಮ್ಮೆ ಬಿದ್ದರೂ ತೊಂದರೆ ಇಲ್ಲ.